ಊರಬಾಗಿಲಲ್ಲಿ ಪಿಶಾಚಿ

ಸ್ನೇಹಿತರೆ, ಒಂದು ಪಿಶಾಚಿಯನ್ನು ಊರೊಳಗೆ ಬಿಡಬೇಕೋ ಬೇಡವೋ ಎಂದು ಇವತ್ತು ಮಧ್ಯಾಹ್ನ ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಜಗಳವಾಯಿತು. ನನ್ನ ಮಗ ಮತ್ತು ಅವನ ಆಫೀಸಿನ ಗೆಳೆಯರು ಭಾನುವಾರ ಆಡುವ ಆಟ ಅದು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ; ಅಂದುಕೊಂಡದ್ದು ನಡೆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆ ಲೋಕದಲ್ಲಿ ಪಿಶಾಚಿಗಳದೊಂದು ಕುಲವಿದೆ. ಹುಟ್ಟಿನಿಂದಲೇ ಕೆಟ್ಟವು.

ಶಿರಹಟ್ಟಿಯ ಇಮ್ತಿಯಾಜ್ ಆ ಕುಲವನ್ನೇ ಆರಿಸಿಕೊಂಡಿದ್ದ. ಅವನ ಪಿಶಾಚಿಗೆ ಊರೊಳಗೆ ಚಹಾದಂಗಡಿ ಇಡುವ ಆಸೆ.

"ಲೇ, ನೀ ಊರು ಸುಡಾಕ ಬರಬೇಕು, ಚಹಾ ಕುದಸಾಕಲ್ಲ," ಅಂದ ಆಟ ನಡೆಸುವ ಮಂಜು.

"ಬೆಂಕಿ ಎರಡಕ್ಕೂ ಬೇಕಲ್ಲೋ."

"ನಿಮ್ಮ ಕುಲಾನ ಅಂಥಾದ್ದು. ಆಟದ ಪುಸ್ತಕದಾಗ ಐತಿ."

ಯಾರೋ ನಕ್ಕರು. ಇಮ್ತಿಯಾಜ್ ಕೂಡ ನಕ್ಕ. ಕೊನೆಗೆ ಮಂಜು, "ಆತು, ದಾಳಾ ಒಗಿ, ನೋಡೂಣು," ಅಂದ. ದಾಳ ಒಲಿಯಲಿಲ್ಲ. ಊರಬಾಗಿಲು ಮುಚ್ಚಿತು.

ಇಮ್ತಿಯಾಜನಿಗೆ ಹೋದ ತಿಂಗಳು ಮದುವೆಯಾಯಿತು. ಹೆಂಡತಿಯನ್ನು ಕರೆತರಲು ಗದಗಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾನೆ. ಫೋನಿನಲ್ಲಿ ಖಾಲಿ ಇರುವ ಮನೆ, ಇವನು ಹೆಸರು ಹೇಳಿದೊಡನೆ ತುಂಬಿಬಿಡುತ್ತದೆ. ನಿನ್ನೆಯೂ ಹಾಗೇ ಆಯಿತಂತೆ.

ಎಲ್ಲರೂ ಹೊರಟಾಗ ಚಪ್ಪಲಿ ಮೆಟ್ಟುತ್ತಿದ್ದವನನ್ನು ಕೇಳಿದೆ: "ಆಟದಾಗೂ ಯಾಕಪಾ ಅದನ್ನ ತಗೊಂಡಿ? ಬ್ಯಾರೆ ಪಾತ್ರ ಇದ್ವಲ್ಲ."

"ಇರಲಿ ಬಿಡ್ರಿ ಕಾಕಾ," ಅಂದ. "ಇಲ್ಲಿ ಬಾಗಲಾ ಹಾಕೂಕಿಂತ ಮೊದಲ ದಾಳಾ ಒಗಿಯಾಕರ ಕೊಡ್ತಾರ."