ಹಡಗಿನ ಮಾಮ ಹೇಳಿದ ಸಿನಿಮಾ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಾವು ಮೊದಲಿದ್ದ ಸಾಲುಮನೆಗಳ ಚಾಳನ್ನು ಕೆಡವುತ್ತಾರೆಂದು ತಿಳಿದು ಕಳೆದ ವಾರ ನೋಡಿಬರಲು ಹೋಗಿದ್ದೆ. ಎರಡನೇ ಮಹಡಿಯ ಗ್ಯಾಲರಿಯ ಕಂಬಿಯಲ್ಲಿ ನೀಲಿ ನೈಲಾನ್ ಹಗ್ಗದ ಒಂದು ತುಂಡು ಇನ್ನೂ ಇತ್ತು. ಬಣ್ಣ ಹೋಗಿತ್ತು. ಗಂಟು ಹಾಗೇ ಇತ್ತು. ಅದು ಹಡಗಿನ ಮಾಮ ಹಾಕಿದ ಗಂಟು...

ಅವರು ಉಡುಪಿ ಕಡೆಯವರು, ಸರಕು ಹಡಗಿನಲ್ಲಿ ಅಡುಗೆಯವರು. ರಜೆಯಲ್ಲಿ ಬಂದಾಗಲೆಲ್ಲ ಚಾಳಿನವರ ಬಟ್ಟೆ ಒಣಗಿಸುವ ಹಗ್ಗಗಳನ್ನು ತಾವೇ ಬಿಗಿದು ಕಟ್ಟುತ್ತಿದ್ದರು. "ಎಷ್ಟು ಎಳೆದ್ರೂ ಜಾರುವುದಿಲ್ಲ. ಬಿಡಿಸ್ಲಿಕ್ಕೆ ಗಂಟಿನ ಬೆನ್ನು ಒತ್ತಿದ್ರೆ ಸಾಕು," ಎನ್ನುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ಗಣಪತಿ ಕೂರಿಸಿದ್ದ ಭಾನುವಾರ ಮಧ್ಯಾಹ್ನ ಚಾಳಿನ ಕನ್ನಡದವರೆಲ್ಲ ಸೇರಿ ಬಾಡಿಗೆಗೆ ವಿಸಿಆರ್ ತರಿಸಿದ್ದೆವು. ಹೇಳಿದ್ದು ಹಿಂದಿ ಸಿನಿಮಾ, ಬಂದದ್ದು ಇಂಗ್ಲಿಷ್. ಬಂದೂಕು ಹಿಡಿದವರು ಹಡಗೊಂದನ್ನು ವಶಪಡಿಸಿಕೊಳ್ಳುತ್ತಾರೆ. ಒಬ್ಬನೇ ನಾವಿಕ ತಪ್ಪಿಸಿಕೊಂಡು ಅವರೆಲ್ಲರನ್ನೂ ಎದುರಿಸುತ್ತಾನೆ. ಮಾತು ಹೆಚ್ಚಿನವರಿಗೆ ತಿಳಿಯದು. ಮಾಮ ಟಿವಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕನ್ನಡದಲ್ಲಿ ಹೇಳತೊಡಗಿದರು. "ಅಡುಗೆಮನೆ ನೋಡಿ! ಒಂದು ಜಿರಳೆ ಇಲ್ಲ. ಇದು ಸುಳ್ಳು ಹಡಗು ಮಾರಾಯ್ರೆ!"

ನನ್ನ ಮುಂದೆ ಎದುರುಮನೆಯ ಅಕ್ಕ ಕೂತಿದ್ದರು. ಅವರ ಯಜಮಾನರಿಗೂ ಹಡಗಿನಲ್ಲೇ ಕೆಲಸ, ಎಂಜಿನ್ ಕೋಣೆಯಲ್ಲಿ. ನಾಲ್ಕು ತಿಂಗಳಿಂದ ಕಾಗದ ಬಂದಿರಲಿಲ್ಲ. ಪೋಸ್ಟ್‌ಮನ್ ಬಂದರೆ ಅಕ್ಕ ಬಾಗಿಲಿಗೆ ಬರುವುದನ್ನೇ ಬಿಟ್ಟಿದ್ದರು.

ಸಿನಿಮಾದಲ್ಲಿ ಎಂಜಿನ್ ಕೋಣೆಯ ಒಬ್ಬ ಏಟು ತಿಂದು ಉರುಳಿದ.

"ತಲೆ ತಿರುಗಿ ಬಿದ್ದ," ಎಂದರು ಮಾಮ.

ನನಗೆ ಆಗಷ್ಟೇ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಇಂಗ್ಲಿಷ್ ಬರುತ್ತದೆಂಬ ಜಂಬ. "ಇಲ್ರೀ ಮಾಮಾ, ಸತ್ತಾನಂತ ಕ್ಯಾಪ್ಟನ್ ಹೇಳಿದ್ನಲ್ರೀ," ಎಂದುಬಿಟ್ಟೆ.

ಅಕ್ಕನ ಬೆನ್ನು ಸೆಟೆಯಿತು. ಎದ್ದು ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಮಾಮ ಒಮ್ಮೆ ಅವರನ್ನು ನೋಡಿದರು, ಆಮೇಲೆ ನನ್ನನ್ನು. ಸಿಟ್ಟಿರಲಿಲ್ಲ...

"ಮೇಲೆ ನಿಂತ ಕ್ಯಾಪ್ಟನ್‌ಗೆ ಕೆಳಗಿನದ್ದು ಏನು ಗೊತ್ತು ಮಾರಾಯ? ಎಂಜಿನ್ ಜನ ಅಷ್ಟು ಸುಲಭದಲ್ಲಿ ಸಾಯುವುದಿಲ್ಲ. ಅವರಿಗೆ ಅನ್ನ ಹಾಕಿದವ ನಾನು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಕೊನೆಯಲ್ಲಿ ಬದುಕುಳಿದವರೆಲ್ಲ ದೋಣಿಯಲ್ಲಿ ಕೂತಿದ್ದರು. ಮಾಮ ಸ್ಟೂಲಿನಿಂದ ಎದ್ದು ಟಿವಿಯ ಗಾಜಿಗೆ ಬೆರಳಿಟ್ಟರು. "ಅಗೋ, ಕಂಬಳಿ ಹೊದ್ದವ. ಎಂಜಿನ್ ಕೋಣೆಯಲ್ಲಿ ಬಿದ್ದವ. ಅವನೇ."

ಆ ಮುಖ ಬೇರೆಯವನದು. ಅಕ್ಕ ನನ್ನ ಕಡೆ ತಿರುಗಿದರು. "ಹೌದಾ ತಮ್ಮಾ? ನಿಂಗೆ ಇಂಗ್ಲಿಷ್ ಬರ್ತದಲ್ಲ."

"ಹೌದ್ರಿ ಅಕ್ಕಾ. ಅವನೇ," ಎಂದೆ.

ದಸರೆಗೆ ಮೊದಲು ಯಜಮಾನರ ಕಾಗದ ಬಂತು, ಎರಡು ಒಟ್ಟಿಗೆ. ಅಕ್ಕ ಅವನ್ನು ಹಿಡಿದು ಮೊದಲು ಓಡಿದ್ದು ಮಾಮನ ಬಾಗಿಲಿಗೆ. ಬೀಗ ಹಾಕಿತ್ತು, ಮಾಮ ಹಿಂದಿನ ವಾರವೇ ಹಡಗು ಹತ್ತಿದ್ದರು.

ಮುಂದೆ ನಾವು ಪಕ್ಕದ ಕಲ್ಯಾಣ್ ಊರಿಗೆ ಮನೆ ಬದಲಿಸಿದೆವು. ಮಾಮ ಊರಿನಲ್ಲಿ ತೀರಿಕೊಂಡದ್ದು ನನಗೆ ತಿಳಿದದ್ದು ಒಂದು ವರ್ಷ ಕಳೆದ ಮೇಲೆ. ಆ ಸಿನಿಮಾದ ನಾಯಕನ ಮುಖ ಈಗ ನೆನಪಿಲ್ಲ. ಕಂಬಳಿ ಹೊದ್ದವನದು ಮಾತ್ರ ಇದೆ...

ಕಳೆದ ವಾರ ಆ ಗಂಟಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದೆ. ಬಿಟ್ಟುಕೊಂಡಿತು. ಅಷ್ಟು ಬೇಗ ಬಿಡುತ್ತದೆಂದು ನಾನು ಎಣಿಸಿರಲಿಲ್ಲ.