ಮುದುಕಿಯ ಮಗ ಮತ್ತು ಆಟದ ಎರಡನೇ ಭಾಗ

ಆವತ್ತು ಭಾನುವಾರ. ಬೆಳಿಗ್ಗೆ ಟ್ಯಾಂಕರ್ ಬಂದು ಹೋಗಿತ್ತು. ಡ್ರಮ್ಮುಗಳು ತುಂಬಿದ್ದವು, ಅವ್ವ ಯಾರ ಮೇಲೂ ಸಿಟ್ಟಾಗಿರಲಿಲ್ಲ. ಕಿಟಕಿಗೆ ಹಸಿ ಗೋಣಿಚೀಲ ಕಟ್ಟಿ ಅದರ ಮೇಲೆ ಒಂದು ತಂಬಿಗೆ ನೀರು ಚಿಮುಕಿಸುವಷ್ಟು ಶ್ರೀಮಂತಿಕೆ ಆ ದಿನ ಇತ್ತು. ಬೀದರಿನ ಚಿದ್ರಿಯಲ್ಲಿ ನಮ್ಮ ಮನೆ. ಮಧ್ಯಾಹ್ನ ಊಟ ಮುಗಿಸಿ ಒಳಗಿನ ಕೋಣೆಯಲ್ಲಿ ಮೂವರೂ ಕಂಪ್ಯೂಟರ್ ಮುಂದೆ ಕೂತಿದ್ದೆವು. ನಾನು, ನನ್ನ ತಮ್ಮ, ಮತ್ತೆ ಔರಾದಿನಿಂದ ಐಟಿಐ ಓದಲು ಬಂದು ನಮ್ಮಲ್ಲೇ ಇದ್ದ ಚಿಗವ್ವನ ಮಗ. ಮರುದಿನ ತಮ್ಮನಿಗೆ ಜ್ವರ ಬಂತು. ಹಾಗಾಗಿ ಆ ಭಾನುವಾರ ನನಗೆ ಇಷ್ಟೊಂದು ನೆನಪಿದೆ. ಇಲ್ಲದಿದ್ದರೆ ಅದರಲ್ಲಿ ನೆನಪಿಡುವಂಥದ್ದು ಏನೂ ಇರಲಿಲ್ಲ.

ನಾವು ಆಡುತ್ತಿದ್ದದ್ದು ಕತ್ತಿ, ಕುದುರೆ, ಮಾಟಗಾರರು, ರಾಕ್ಷಸರು ಇರುವ ಒಂದು ಆಟ. ಒಬ್ಬ ಸಿಪಾಯಿ ಊರೂರು ತಿರುಗುತ್ತಾನೆ. ಕಂಡವರನ್ನೆಲ್ಲ ಮಾತಾಡಿಸುತ್ತಾನೆ, ಅವರು ಹೇಳಿದ ಕೆಲಸ ಮಾಡಿಕೊಡುತ್ತಾನೆ, ದಾರಿಯಲ್ಲಿ ಅಡ್ಡ ಬಂದವರ ಜೊತೆ ಹೊಡೆದಾಡುತ್ತಾನೆ. ಒಬ್ಬರೇ ಆಡಬೇಕಾದ ಆಟ ಅದು. ನಾವು ಮೂವರು ಅದನ್ನು ಪಾಲು ಮಾಡಿಕೊಂಡಿದ್ದೆವು. ನಡೆಯುವುದೆಲ್ಲ ನನ್ನ ಪಾಲಿಗೆ. ಯಾವ ಕಾಡು ದಾಟಿದರೆ ಯಾವ ಹಳ್ಳಿ, ಯಾವ ಹೊಳೆಗೆ ಎಲ್ಲಿ ಸೇತುವೆ, ಅದು ನನಗೆ ಗೊತ್ತು. ಹೊಡೆದಾಟ ಬಂದರೆ ಚಿಗವ್ವನ ಮಗ ನನ್ನ ಕೈ ತಳ್ಳಿ ಕೀಬೋರ್ಡು ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಮಾತು ತಮ್ಮನದು.

ಆ ಆಟದಲ್ಲಿ ಯಾರಿಗೂ ಧ್ವನಿ ಇರಲಿಲ್ಲ. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಸಾಲುಗಳು ಬರುತ್ತಿದ್ದವು, ಅಷ್ಟೇ. ನಾನು ಕನ್ನಡದಲ್ಲಿ ಪಿಯುಸಿ ಓದಿ ಮನೆಯಲ್ಲಿ ಬ್ಲೌಸು ಹೊಲಿಯುವವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಆದರೆ ಓದಿ ಮುಗಿಸುವಷ್ಟರಲ್ಲಿ ಸಾಲು ಹೋಗಿರುತ್ತಿತ್ತು. ತಮ್ಮ ಒಮ್ಮೆ ಕಣ್ಣಾಡಿಸಿ ಗುಂಡಿ ಒತ್ತಿ, ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ಸಿಪಾಯಿಯ ಜೊತೆ ಕಬ್ಬಿಣದ ಅಂಗಿ ತೊಟ್ಟ ದಪ್ಪ ಮನುಷ್ಯನೊಬ್ಬ ತಿರುಗುತ್ತಿದ್ದ. ತಮ್ಮನ ಬಾಯಲ್ಲಿ ಅವನು ಭಾಲ್ಕಿ ಬಸ್‌ಸ್ಟ್ಯಾಂಡಿನ ಕಂಡಕ್ಟರನಂತೆ ಮಾತಾಡುತ್ತಿದ್ದ. "ನಡೀರಿ ನಡೀರಿ, ರಾಕ್ಷಸ ಏನ್ ನಿಮ್ಮ ಸಲವಾಗಿ ನಿಂದರ್ತಾನೇನ್ರಿ?"

ಇಷ್ಟು ಆಡಲು ತಮ್ಮನಿಗೆ ಹೊತ್ತು ಸಿಕ್ಕಿದ್ದೂ ಬರದಿಂದಲೇ. ಅವನು ಭಾಲ್ಕಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿಯಲ್ಲಿದ್ದ. ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಬಾವಿಯಲ್ಲಿ ನೀರಿದ್ದರೆ ತಾನೆ ಮೋಟಾರು ಓಡುವುದು, ಓಡಿದರೆ ತಾನೆ ಸುಡುವುದು? ಬರ ಬಿದ್ದ ಆ ಎರಡು ವರ್ಷ ಅಂಗಡಿಯವರು ವಾರದಲ್ಲಿ ಅರ್ಧ ದಿನಗಳಿಗೆ ಮಾತ್ರ ಕರೆಯುತ್ತಿದ್ದರು. ಚಿಗವ್ವ, ಕಾಕಾ ಔರಾದಿನ ಮನೆಗೆ ಬೀಗ ಹಾಕಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನಮ್ಮ ಓಣಿಯಲ್ಲೂ ಒಂದೊಂದೇ ಬಾಗಿಲು ಮುಚ್ಚುತ್ತಿತ್ತು. ಯಾರು ಎಲ್ಲಿ ಎಂದು ಕೇಳಿದರೆ ಪುಣೆ, ಹೈದರಾಬಾದ್, ಮುಂಬೈ ಎಂದು ಉತ್ತರ. ಕೇಳುವವರಿಗೂ ಹೇಳುವವರಿಗೂ ಅದರಲ್ಲಿ ಹೊಸದೇನೂ ಇರಲಿಲ್ಲ.

ಆಟದ ಒಂದು ಹಳ್ಳಿಯಲ್ಲಿ ಹಾಳು ಗಿರಣಿಯೊಂದಿತ್ತು. ಅದರ ಬಾಗಿಲಲ್ಲಿ ಒಬ್ಬ ಮುದುಕಿ ಕೂತಿರುತ್ತಿದ್ದಳು. ಯಾವ ದಾರಿ ಹಿಡಿದರೂ ನಾನು ಒಮ್ಮೆ ಅಲ್ಲಿಗೆ ಸಿಪಾಯಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ತಮ್ಮ ದನಿ ನಡುಗಿಸಿ ಶುರು ಮಾಡುತ್ತಿದ್ದ.

"ಏ ಸಿಪಾಯಿ, ಜರಾ ನಿಂದ್ರಪಾ. ನನ್ನ ಮಗ ಪುಣೆ ಕಡಿ ದುಡಿಲಾಕ ಹೋಗ್ಯಾನ. ಎತ್ತರಕ್ಕ ಅದಾನ, ಬಲಗಡಿ ಹುಬ್ಬಿನ್ಯಾಗ ಗಾಯದ ಗುರ್ತ ಅದ. ದಾರ್ಯಾಗ ಎಲ್ಲಿರ ಕಂಡನೇನು?"

"ಆಟದಾಗ ಪುಣೆ ಎಲ್ಲಿಂದ ಬಂತೋ?" ಎಂದು ನಾನು ಕೇಳಿದ್ದೆ.

"ಅಲ್ಲಿ ಬ್ಯಾರೆ ಊರಿನ ಹೆಸರ ಅದ ಅಕ್ಕಾ. ನಿನಗ ತಿಳೀಲಿ ಅಂತ ಪುಣೆ ಅಂದೆ."

ಪ್ರತಿ ಸಲ ಹೋದಾಗಲೂ ಮುದುಕಿ ಹೊಸದೊಂದು ಹೇಳುತ್ತಿದ್ದಳು. ಮಗನಿಗೆ ಪುಂಡಿಪಲ್ಯ ಅಂದರೆ ಪ್ರಾಣ ಎಂದು ಒಮ್ಮೆ. ಹೋಗುವ ದಿನ ಚಪ್ಪಲಿ ಉಂಗುಟ ಕಿತ್ತಿತ್ತು, ಹಾಗೇ ಹೋದ ಎಂದು ಇನ್ನೊಮ್ಮೆ. ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಅಲ್ಲಿಂದಲೇ ಕೇಳುತ್ತಿದ್ದಳು: "ಬಂದನೇನೋ ಆಕಿ ಮಗ?"

"ಇಲ್ಲವ್ವಾ, ಇನ್ನಾ ಬಂದಿಲ್ಲ."

"ಎಂಥ ಆಟನೋ ನಿಮ್ಮದು. ಇಷ್ಟ ಮಂದಿನ್ನ ಕೊಲ್ತೀರಿ, ಒಬ್ಬ ಹುಡುಗನ್ನ ಹುಡುಕಿ ತರ್ಲಾಕ ಆಗಲ್ಲ."

ಆ ಭಾನುವಾರ ಆಟ ಮುಗಿಯಿತು. ಕೆಟ್ಟ ರಾಜ ಸತ್ತ, ಕೋಟೆ ಸುಟ್ಟಿತು, ಸಿಪಾಯಿ ಕುದುರೆ ಹತ್ತಿದ, ಪರದೆಯಲ್ಲಿ ಹೆಸರುಗಳು ಏರತೊಡಗಿದವು. ನನಗೆ ಸಮಾಧಾನವಾಗಲಿಲ್ಲ.

"ಮುದುಕಿಗಿ ಏನೂ ಹೇಳದ ಹ್ಯಾಂಗ ಮುಗೀತದೋ ಇದು?"

ತಮ್ಮ ಪರದೆಯ ಕಡೆ ತಿರುಗಿದ. "ಎರಡನೇ ಭಾಗ ಬರ್ತದಂತ. ಅದ್ರಾಗ ಆಕಿ ಮಗ ಸಿಗ್ತಾನ."

"ಖರೇನ?"

"ಇಲ್ಲೇ ಬರದಾರ ನೋಡು," ಎಂದು ಏರುತ್ತಿದ್ದ ಅಕ್ಷರಗಳನ್ನು ತೋರಿಸಿದ.

"ಸಿಗಲಿಲ್ಲಂದ್ರ ನಿನ್ನ ಹಿಡದು ಬಡೀತೇನಿ ನೋಡಣ್ಣಾ," ಎಂದ ಚಿಗವ್ವನ ಮಗ. ಮೂವರೂ ನಕ್ಕೆವು. ಅಷ್ಟರಲ್ಲಿ ಲೈಟು ಹೋಯಿತು.

ಜ್ವರ ಬಂದದ್ದು, ಕಣ್ಣು ಹಳದಿ ಆದದ್ದು, ಕಾಮಣಿ ಎಂದು ಒಬ್ಬರು ಎಲೆಯ ರಸ ಕೊಟ್ಟದ್ದು, ಆಮೇಲೆ ದವಾಖಾನೆಯಲ್ಲಿ ಬಾಟಲಿ ಹಚ್ಚಿದ್ದು, ಇವನ್ನೆಲ್ಲ ನಾನು ಬಿಡಿಸಿ ಬರೆಯಲಾರೆ. ಯಾವ ನೀರು ಕುಡಿದನೋ ಎಂದು ಬಂದವರೆಲ್ಲ ಕೇಳಿದರು. ಆ ಬೇಸಿಗೆ ಸಿಕ್ಕಿದ್ದನ್ನು ಎಲ್ಲರೂ ಕುಡಿದಿದ್ದೆವು. ತಮ್ಮ ಉಳಿಯಲಿಲ್ಲ. ಬುದ್ಧ ವಿಹಾರದವರು ಬಂದು ಅವನ ಹೆಸರಿನಲ್ಲಿ ಪುಣ್ಯಾನುಮೋದನ ಮಾಡಿಸಿದರು. ಚಿಗವ್ವ ಪುಣೆಯಿಂದ ಬಂದು ಅತ್ತು ಮತ್ತೆ ಕೆಲಸಕ್ಕೆ ಹೋದಳು. ಅವಳ ಮಗ ಓದು ಬಿಟ್ಟು ಹೈದರಾಬಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಸೇರಿದ. ಅವನನ್ನು ತಡೆಯುವ ಶಕ್ತಿ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಕೆರೆಗಳು ತುಂಬಿದವು. ಜನ ನೀರು ನೋಡಲು ಗಾಡಿ ಮಾಡಿಕೊಂಡು ಹೋದರು. ನಾವು ಹೋಗಲಿಲ್ಲ.

ಆಮೇಲೆ ಆಟದ ಎರಡನೇ ಭಾಗ ಬಂತು. ನಮ್ಮ ಕಂಪ್ಯೂಟರ್ ಅಷ್ಟರಲ್ಲಿ ಕೆಟ್ಟುಹೋಗಿತ್ತು. ಚಿಗವ್ವನ ಮಗ ಊರಿಗೆ ಬಂದಾಗ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಅದನ್ನು ಹಾಕಿ ತಂದು ನನ್ನ ಹೊಲಿಗೆ ಮಷೀನಿನ ಮೇಲೆ ಇಟ್ಟ. "ಭಾರಿ ಅದ ಅಕ್ಕಾ. ಮೊದಲಿನದಕ್ಕಿಂತ ಹತ್ತಪಟ್ಟು ಭಾರಿ," ಎಂದ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟ.

ನನಗೆ ಬೇಕಾಗಿದ್ದದ್ದು ಒಂದೇ, ಮುದುಕಿಯ ಮಗ. ತಮ್ಮ ಸಿಗುತ್ತಾನೆ ಎಂದಿದ್ದ. ಅವನು ಹೇಳಿದ ಮಾತುಗಳಲ್ಲಿ ಇನ್ನೂ ಆಗದೆ ಉಳಿದದ್ದು ಅದೊಂದೇ ಇತ್ತು. ಮಧ್ಯಾಹ್ನ ಅವ್ವ ಮಲಗಿದ ಮೇಲೆ ಹುಡುಕುತ್ತಾ ಹೋದೆ. ಆಟ ಬೇರೆಯೇ ಆಗಿತ್ತು. ಎಲ್ಲರಿಗೂ ಬಾಯಿ ಬಂದಿತ್ತು. ಕಂಡ ಕಂಡವರೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರು. ದಾರಿ ನಡೆಯಬೇಕಾಗಿಯೇ ಇರಲಿಲ್ಲ, ನಕಾಶೆಯಲ್ಲಿ ಊರನ್ನು ಒತ್ತಿದರೆ ಸಿಪಾಯಿ ಅಲ್ಲಿ ನಿಂತಿರುತ್ತಿದ್ದ. ಕಬ್ಬಿಣದ ಅಂಗಿಯ ಮನುಷ್ಯ ಒಮ್ಮೆ ಬಂದ. ಗಂಭೀರವಾಗಿ ಏನೋ ಹೇಳಿ ಹೋದ. ಅವನಲ್ಲಿ ಕಂಡಕ್ಟರನ ಸುಳಿವೂ ಇರಲಿಲ್ಲ. ಗಿರಣಿ ಎಲ್ಲಿತ್ತೋ ಅಲ್ಲಿ ಸಂತೆ ನೆರೆದಿತ್ತು.

ಅಲ್ಲಿಂದ ನನ್ನದೂ ಚಿಗವ್ವನ ಮಗನದೂ ಜಗಳ ಶುರುವಾಯಿತು. ಫೋನಿನಲ್ಲಿ ನಾನು ಬೈಯುತ್ತಿದ್ದೆ, ಅವನು ಅತ್ತ ಕಡೆಯಿಂದ ನಗುತ್ತಿದ್ದ.

"ಕಥಿನೇ ಕೆಡಿಸ್ಯಾರೋ. ಯಾರ ನೆನಪೂ ಇಲ್ಲ ಇವರಿಗಿ."

"ನೀ ಬರೇ ನಡಿಯಾಕಿ ಅಕ್ಕಾ. ಹೊಡೆದಾಟ ನೋಡು, ಹ್ಯಾಂಗ ಮಾಡ್ಯಾರ!"

"ಹೊಡಿಯವ್ರಿಗಿ ಎಲ್ಲಾನೂ ಛಲೋನೇ ಕಾಣ್ತದ."

"ನಡಿಯವ್ರಿಗಿ ಎಲ್ಲಾನೂ ದೂರನೇ ಕಾಣ್ತದ!"

ಜಗಳ ನಮ್ಮದೊಂದೇ ಅಲ್ಲ ಎಂದು ಅವನು ನೆಟ್ಟಿನಲ್ಲಿ ಜನ ಬರೆದದ್ದನ್ನು ಓದಿ ಹೇಳುತ್ತಿದ್ದ. ಮೊದಲಿನ ಕಾಡಿನಲ್ಲಿ ಹೆದರಿಕೆ ಇತ್ತು, ಇದರಲ್ಲಿ ಇಲ್ಲ ಎಂದು ಒಬ್ಬ. ಮೊದಲಿನದರಲ್ಲಿ ಬೇಜಾರೇ ಹೆಚ್ಚಿತ್ತು, ಈಗ ಆಟ ಆಟದಂತಿದೆ ಎಂದು ಇನ್ನೊಬ್ಬ. ಹಳೆಯ ಜನರನ್ನೆಲ್ಲ ಮರೆತಿದ್ದಾರೆ ಎಂದು ಮಗದೊಬ್ಬ. ಅವರೆಲ್ಲ ಎಷ್ಟು ಸಿಟ್ಟಿನಿಂದ ಬರೆದಿದ್ದರೆಂದರೆ, ಒಬ್ಬರ ಮನೆಗೆ ಇನ್ನೊಬ್ಬರು ಬಂದು ಏನೋ ಎತ್ತಿಕೊಂಡು ಹೋದಂತಿತ್ತು. ಮುದುಕಿಯ ಮಗನ ಬಗ್ಗೆ ಯಾರಾದರೂ ಬರೆದಿದ್ದಾರೇನು ಎಂದು ನಾನು ಕೇಳುತ್ತಿದ್ದೆ. ಅವನು ಮಾತು ಬದಲಿಸುತ್ತಿದ್ದ.

ಆ ಚಳಿಗಾಲ ಚಿಗವ್ವ, ಕಾಕಾ ಪುಣೆಯಿಂದ ತಿರುಗಿ ಬಂದು ಔರಾದಿನ ಮನೆಯ ಬೀಗ ತೆಗೆದರು. ಮಗನೂ ರಜೆ ಹಾಕಿ ಬಂದಿದ್ದ. ನಾನು ಲ್ಯಾಪ್‌ಟಾಪನ್ನು ಸೀರೆಯೊಂದರಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ಬಸ್ ಹತ್ತಿದೆ. ಜಗಳ ಮುಗಿಸಿಯೇ ಬರಬೇಕೆಂದು ಹೊರಟಿದ್ದೆ. ದಾರಿಯುದ್ದಕ್ಕೂ ತೊಗರಿ ಚೆನ್ನಾಗಿ ನಿಂತಿತ್ತು.

ಪಡಸಾಲೆಯಲ್ಲಿ ಕೂತ ಕೂಡಲೇ ಅವನಿಗೆ ಹೇಳಿದೆ: "ಮೊದಲಿನ ಆಟ ಇದ್ರಾಗ ಹಾಕಿ ಹಚ್ಚು. ಮುದುಕಿ ಏನೇನ ಹೇಳ್ಯಾಳ ಅದನ್ನ ಬರಕೋತೇನಿ. ಆಮ್ಯಾಲ ಎರಡನೇದ್ರಾಗ ಆಕಿ ಮಗನ್ನ ಹ್ಯಾಂಗ ಹುಡುಕಬೇಕು ಅಂತ ನೀನೇ ತೋರ್ಸು."

"ಬ್ಯಾಡ ಬಿಡಕ್ಕಾ. ಚಾ ಕುಡಿ."

"ಹಚ್ಚು ಅಂದೆ."

ಅವನು ತಾಯಿಯ ಮುಖ ನೋಡಿದ. ಚಿಗವ್ವನಿಗೆ ಏನೂ ಗೊತ್ತಿರಲಿಲ್ಲ. "ಕೇಳ್ಲಾಕತ್ತಾಳ, ಹಚ್ಚೋ. ಅಷ್ಟ ದೂರದಿಂದ ಬಂದಾಳ," ಎಂದಳು.

ಅವನು ಹಚ್ಚಿದ. ನಾನೇ ನಡೆಸಿಕೊಂಡು ಹೋದೆ. ಕಾಡು, ಹೊಳೆ, ಸೇತುವೆ, ಗಿರಣಿ. ಮುದುಕಿ ಕೂತಿದ್ದಳು. ಸಾಲು ಬಂತು. ಈ ಸಲ ಯಾರೂ ಗುಂಡಿ ಒತ್ತಲಿಲ್ಲ, ಆದ್ದರಿಂದ ಅದು ಹಾಗೇ ನಿಂತಿತು. ನಾನು ಅಕ್ಷರ ಕೂಡಿಸಿ ಓದಿದೆ. ಔಷಧದ ಬೇರು ಬೇಕೇನು, ಬೆಟ್ಟದ ದಾರಿ ಒಳ್ಳೆಯದಲ್ಲ. ಅಷ್ಟೇ. ಸಿಪಾಯಿಯನ್ನು ಹಿಂದೆ ಕರೆದುಕೊಂಡು ಹೋಗಿ ಮತ್ತೆ ಕರೆತಂದೆ. ಔಷಧದ ಬೇರು ಬೇಕೇನು, ಬೆಟ್ಟದ ದಾರಿ ಒಳ್ಳೆಯದಲ್ಲ. ಇನ್ನೊಮ್ಮೆ ತಂದೆ. ಅದೇ.

"ಮಗ ಎಲ್ಲಿ?" ಎಂದೆ.

"ಮಗ ಇಲ್ಲಕ್ಕಾ. ಎಂದೂ ಇರಲಿಲ್ಲ. ಅಣ್ಣ ತಾನೇ ಮಾಡಿ ಹೇಳ್ತಿದ್ದ."

"ನಿನಗ ಗೊತ್ತಿತ್ತಾ?"

"ಹೈದರಾಬಾದಿಗಿ ಹೋದ ಮ್ಯಾಲ ಗೊತ್ತಾಯ್ತು. ಅಂಗಡಿ ಹುಡುಗರ ಜೋಡಿ ಅದನ್ನ ಮತ್ತೊಮ್ಮಿ ಆಡ್ದೆ. ಎಲ್ಲಾನೂ ಬ್ಯಾರೆ ಇತ್ತು. ಕಬ್ಬಿಣದ ಅಂಗಿಯಂವ ಒಂದಿನಾನೂ ಚ್ಯಾಷ್ಟಿ ಮಾಡಿಲ್ಲ ಅಕ್ಕಾ. ಭಾಳ ಸುಮ್ನಿರೋ ಮನಷ್ಯ ಅಂವ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀ ಹುಡುಕ್ಲಾಕತ್ತಿದ್ದಿ."

ಚಹಾ ಆರಿತ್ತು. ಚಿಗವ್ವ ಲೋಟ ಒಳಗೆ ಒಯ್ದು ಮತ್ತೆ ಕಾಯಿಸಿ ತಂದಳು. ಯಾಕೆ ನಿನಗೆ ಎರಡನೇ ಭಾಗ ಅಷ್ಟು ಸೇರುತ್ತದೆ, ಖರೆ ಹೇಳು ಎಂದು ನಾನು ಕೇಳಿದೆ. ಹೊಡೆದಾಟದ ಮಾತು ತೆಗೆಯುತ್ತಾನೆ ಎಂದುಕೊಂಡಿದ್ದೆ. ಅವನು ಬೆರಳಿನಲ್ಲಿ ಚಾಪೆಯ ದಾರವೊಂದನ್ನು ಕಿತ್ತ.

"ಮೊದಲಿನದು ಹಚ್ಚಿದ್ರ ಅಣ್ಣನ ದನಿ ಕೇಳಸ್ತದ. ಎಲ್ಲಾರ ಬಾಯಾಗೂ ಅಂವನೇ. ಎರಡನೇದ್ರಾಗ ಅಂವ ಎಲ್ಲೂ ಇಲ್ಲ. ಅದಕ್ಕ ಆಡ್ತೇನಿ," ಎಂದ.

ನಾನು ಅದನ್ನು ಬೈದದ್ದೂ ಅದೇ ಕಾರಣಕ್ಕೆ. ಇಬ್ಬರೂ ಒಂದೇ ಮಾತನ್ನು ಹಿಡಿದುಕೊಂಡು ಅಷ್ಟು ತಿಂಗಳು ಜಗಳಾಡಿದ್ದೆವು. ನೆಟ್ಟಿನಲ್ಲಿ ಬರೆದ ಆ ಜನರ ನೆನಪಾಯಿತು. ಕಾಡು, ನಕಾಶೆ, ಕತ್ತಿ ಎಂದು ಎಷ್ಟೆಲ್ಲ ಬರೆದಿದ್ದರು. ಮೊದಲಿನದನ್ನು ಯಾರ ಪಕ್ಕ ಕೂತು ಆಡಿದೆವು ಎಂದು ಮಾತ್ರ ಒಬ್ಬರೂ ಬರೆದಿರಲಿಲ್ಲ.

ಸಂಜೆಯ ಬಸ್ಸಿಗೆ ವಾಪಸು ಬಂದೆ. ಅವ್ವನಿಗೆ ಏನೂ ಹೇಳಲಿಲ್ಲ. ತಮ್ಮ ಹೋದ ಮೇಲೆ ಅವಳು ಆ ಮುದುಕಿಯ ಮಗನ ಸುದ್ದಿ ಕೇಳುವುದನ್ನೇ ಬಿಟ್ಟಿದ್ದಾಳೆ.

ಎರಡನೇ ಭಾಗವನ್ನು ಆಮೇಲೆ ನಿಧಾನಕ್ಕೆ ಆಡಿ ಮುಗಿಸಿದೆ, ನಕಾಶೆ ಒತ್ತದೆ, ನಡೆದೇ. ಆಟ ಚೆನ್ನಾಗಿದೆ. ಚಿಗವ್ವನ ಮಗ ಹೇಳಿದ್ದು ಸುಳ್ಳಲ್ಲ, ಮಾಡಿದವರು ಕಷ್ಟಪಟ್ಟು ಮಾಡಿದ್ದಾರೆ. ಆದರೆ ಬಲಹುಬ್ಬಿನಲ್ಲಿ ಗಾಯದ ಗುರುತಿದ್ದ ಆ ಹುಡುಗ ಎಲ್ಲಿದ್ದ, ಮನೆಗೆ ಬಂದನೋ ಇಲ್ಲವೋ, ನನಗೆ ಗೊತ್ತಿಲ್ಲ. ತಮ್ಮ ಅದನ್ನು ಇನ್ನೂ ಹೇಳಿರಲಿಲ್ಲ.