ಸಾಬೂನು ಸಿಸ್ಟರ್ ಬಿದ್ದದ್ದು

ನನಗೊಂದು ಅಡ್ಡಹೆಸರಿದೆ ಎಂಬುದು ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ನಾರಾಯಣಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್. ವಾರ್ಡಿನ ಸ್ವಚ್ಛತೆ, ರೋಗಿಗಳ ಸುರಕ್ಷತೆ ಎರಡೂ ನನ್ನ ಜವಾಬ್ದಾರಿ. ಕೈ ತೊಳೆಯದೆ ರೋಗಿಯ ಹತ್ತಿರ ಹೋದವರು ಡಾಕ್ಟರೇ ಆಗಿರಲಿ, ನೆಲ ಒರೆಸುವ ಆಯಾನೇ ಆಗಿರಲಿ, ಅವರನ್ನು ಹಿಂದಕ್ಕೆ ಕರೆದು ನಲ್ಲಿಯ ಮುಂದೆ ನಿಲ್ಲಿಸುತ್ತಿದ್ದೆ. ನಿಲ್ಲಿಸುವುದು ಸರಿ. ಆದರೆ ನಾನು ಅದನ್ನು ನಾಲ್ಕು ಜನ ನೋಡುವಂತೆ, ದನಿ ಎತ್ತರಿಸಿ ಮಾಡುತ್ತಿದ್ದೆ. ಒಂದು ದಿನ ಔಷಧದ ಕೋಣೆಯ ಬಾಗಿಲ ಆಚೆ ನಿಂತಿದ್ದಾಗ ಒಳಗಿನಿಂದ ಮಾತು ಕೇಳಿಸಿತು: “ಸಾಬೂನು ಸಿಸ್ಟರ್ ಬರಾಕತ್ತಾಳ, ಲಗೂನ ಗಡಿಯಾರ, ಉಂಗುರ ಬಿಚ್ಚಿಡ್ರಿ.”

ಮನೆಗೆ ಹೋಗಿ ಸಿಟ್ಟಿನಿಂದ ಯಜಮಾನರಿಗೆ ಹೇಳಿದೆ. ಅವರು ಸೀರೆ ಅಂಗಡಿಯಿಂದ ಆಗಷ್ಟೇ ಬಂದು ಬಚ್ಚಲಲ್ಲಿ ಎರಡನೇ ಸಲ ಕೈಗೆ ಸಾಬೂನು ಹಚ್ಚಿಕೊಳ್ಳುತ್ತಿದ್ದರು. ಮೊದಲ ಸಲ ತೊಳೆದದ್ದು ನನಗೆ ಒಪ್ಪಿಗೆಯಾಗಿರಲಿಲ್ಲ. ನೊರೆಗೈಯಲ್ಲೇ ನಿಂತು, “ಹಂಗ್ಯಾಕ ಅಂತಾರೋ ಏನೋ, ನನಗಂತೂ ತಿಳೀವಲ್ದು” ಎಂದರು. ಅವರು ನಗಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಹೋದ ವರ್ಷ ಮಕ್ತಲದಲ್ಲಿ ನಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಊಟವಾಗಿ ಗಳಿಗೆ ಕಳೆದಿರಲಿಲ್ಲ, ಬಲಪಕ್ಕೆಯ ಕೆಳಗೆ ಯಾರೋ ಹಗ್ಗ ಹಾಕಿ ಬಿಗಿದಂತೆ ನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ತೆಗೆಸಲೇಬೇಕು ಎಂದರು. ನಮ್ಮ ಆಸ್ಪತ್ರೆಯಲ್ಲೇ ಮಾಡಿಸಬಹುದಿತ್ತು, ಡಾಕ್ಟರೂ ಕರೆದರು. ಆದರೆ ಅಲ್ಲಿನ ಒಂದೊಂದು ಮುಖವೂ ಕಣ್ಣಮುಂದೆ ಬಂತು. ಇಷ್ಟು ವರ್ಷ ನಲ್ಲಿಯ ಮುಂದೆ ನಿಲ್ಲಿಸಿದ ಜನರ ಕೈಗೆ ಬಟ್ಟೆ ಬಿಚ್ಚಿ ಹೊಟ್ಟೆ ಒಪ್ಪಿಸುವ ಧೈರ್ಯ ನನಗಾಗಲಿಲ್ಲ. ಗದ್ವಾಲದಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಮನೆ ಹತ್ತಿರದ ಆಸ್ಪತ್ರೆಯೊಂದನ್ನು ಗೊತ್ತುಮಾಡಿಕೊಂಡು ಹೊರಟೆ.

ಅಕ್ಕನಿಗೆ ಮೊದಲೇ ತಾಕೀತು ಮಾಡಿದ್ದೆ. “ನಾನು ನರ್ಸ್ ಅಂತ ಅಲ್ಲಿ ಯಾರಿಗೂ ಹೇಳಬ್ಯಾಡ.”

“ಯಾಕ? ಹೇಳಿದ್ರ ಚೊಲೋ ನೋಡ್ತಾರ.”

“ಅದಕ್ಕ ಬ್ಯಾಡ. ಎಲ್ಲಾರಿಗೂ ಹೆಂಗ ನೋಡ್ತಾರ ಅಂತ ನಾನು ನೋಡಬೇಕು.”

ಹೊಟ್ಟೆಯಲ್ಲಿ ಕಲ್ಲು ಇಟ್ಟುಕೊಂಡು ತಪಾಸಣೆಗೆ ಹೊರಟ ಹೆಂಗಸು ನಾನು.

ವಾರ್ಡಿನಲ್ಲಿ ನನ್ನನ್ನು ನೋಡಿಕೊಂಡವಳು ಇಪ್ಪತ್ತೈದು ದಾಟಿರದ ಒಬ್ಬ ನರ್ಸ್. ತೆಳ್ಳಗಿದ್ದಳು, ನಡಿಗೆ ಬಿರುಸು, ಮಾತು ಮೆತ್ತಗೆ. ಮೊದಲು ತೆಲುಗಿನಲ್ಲಿ, “ಅಮ್ಮಾ, ಮೀ ಪೇರು ಚೆಪ್ಪಂಡಿ” ಎಂದು ಹೆಸರು ಕೇಳಿದಳು. ನಾನೂ ಅಕ್ಕನೂ ಮಾತಾಡಿಕೊಳ್ಳುವುದನ್ನು ಕೇಳಿದ್ದೇ ಕನ್ನಡಕ್ಕೆ ಹೊರಳಿದಳು. ಅವಳ ತವರು ಗುಂಡುಮಾಲ್ ಕಡೆಯಂತೆ. ಹೆಸರು ಹೇಳಿದೆ, ಅದನ್ನು ಬರೆದ ಪಟ್ಟಿಯನ್ನು ಕೈಗೆ ಕಟ್ಟಿದಳು. ಹತ್ತು ನಿಮಿಷ ಬಿಟ್ಟು ಮಾತ್ರೆ ತಂದು ಮತ್ತೆ ಹೆಸರು ಕೇಳಿದಳು. ಸೂಜಿ ಹಾಕುವಾಗ ಮತ್ತೆ ಕೇಳಿದಳು, ಪಟ್ಟಿಯನ್ನೂ ನೋಡಿದಳು. ನಾಲ್ಕನೇ ಸಲಕ್ಕೆ ನಾನು ಸಿಡುಕಿದೆ. “ಎಷ್ಟು ಸಲ ಕೇಳ್ತೀ ತಂಗಿ? ನನ್ನ ಹೆಸರೇನು ಗಳಿಗಿಗೊಂದು ಬದಲಾಗ್ತೈತೇನು?”

“ನಿಮ್ಮದು ಬದಲಾಗಂಗಿಲ್ರಿ. ಆದ್ರ ಬಾಜೂ ಮಂಚದಾಕೀದೂ ಅದ ಹೆಸರೈತ್ರಿ.”

ಈ ಪ್ರಶ್ನೆಯನ್ನು ಪ್ರತಿ ಸಲವೂ ಕೇಳಲೇಬೇಕೆಂದು ನಾನೇ ನಾರಾಯಣಪೇಟೆಯ ಗೋಡೆಯ ಮೇಲೆ ಬರೆಸಿ ಅಂಟಿಸಿದ್ದೆ. ಬಾಯಿ ಮುಚ್ಚಿಕೊಂಡು ಮಲಗಿದೆ.

ಹೆಚ್ಚು ಹೊತ್ತು ಮುಚ್ಚಿಕೊಂಡಿರಲಿಲ್ಲ. ಅವಳು ಬಾಗಿಲ ಹತ್ತಿರದ ಬೇಸಿನ್‌ನಲ್ಲಿ ಕೈ ತೊಳೆಯುವುದು ನನ್ನ ಮಂಚದಿಂದ ನೇರ ಕಾಣುತ್ತಿತ್ತು. ಅಂಗೈ ಆಯಿತು, ಮುಂಗೈ ಆಯಿತು, ಬೆರಳ ಸಂದಿ ಆಯಿತು ಎಂದು ಮಲಗಿದಲ್ಲೇ ಎಣಿಸುತ್ತಿದ್ದೆ. ಅವಳು ನಲ್ಲಿ ನಿಲ್ಲಿಸಲು ಕೈ ಚಾಚಿದ್ದೇ ತಡ, “ಹೆಬ್ಬಟ್ಟು ಉಳೀತು ನೋಡು!” ಎಂದು ಕೂಗಿಬಿಟ್ಟೆ.

ವಾರ್ಡಿನವರೆಲ್ಲ ನನ್ನತ್ತ ತಿರುಗಿದರು. ಅವಳು ಒಂದು ಕ್ಷಣ ನೋಡಿ, ಹೆಬ್ಬೆರಳು ತೊಳೆದು, ಒರೆಸಿಕೊಂಡು ಹತ್ತಿರ ಬಂದಳು. “ಯಾವ ದವಾಖಾನ್ಯಾಗ ಕೆಲಸ ಮಾಡ್ತೀರಿ ಅಕ್ಕಾರೆ?”

ಅಕ್ಕ ಇದಕ್ಕೇ ಕಾಯುತ್ತಿದ್ದವಳಂತೆ ನನ್ನ ನೌಕರಿಯ ಪುರಾಣ ಪೂರ್ತಿ ಒದರಿದಳು.

ಮರುದಿನ ಬೆಳಿಗ್ಗೆ ಆಪರೇಷನ್ ಆಯಿತು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಪ್ರತಿಯೊಂದರ ಮೇಲೂ ಬಿಳಿ ಪಟ್ಟಿ. ಅದರ ಮಾರನೇ ದಿನ ಬಳಗ ಬಂತು. ನಮ್ಮ ವಾರ್ಡಿನಲ್ಲಾದರೆ ಒಬ್ಬ ರೋಗಿಗೆ ಇಬ್ಬರಿಗಿಂತ ಹೆಚ್ಚು ಜನ ಬಂದರೆ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಇಲ್ಲಿ ಆರು ಜನ ಬಂದರು. ಮೂವರು ನನ್ನ ಮಂಚದ ಮೇಲೇ ಕುಳಿತರು. ನಾನು ಕಾಲು ಮಡಚಿ ಅವರಿಗೆ ಜಾಗ ಮಾಡಿಕೊಟ್ಟೆ.

ಅವರಲ್ಲಿ ನಾರ್ವ ಹತ್ತಿರದ ಹಳ್ಳಿಯಿಂದ ಬಂದ ನನ್ನ ಚಿಕ್ಕವ್ವನೂ ಇದ್ದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಬೀರಪ್ಪನ ಗುಡಿಯ ಭಂಡಾರ ತೆಗೆದು, ಆ ಅರಿಶಿನ ಪುಡಿಯನ್ನು ನನ್ನ ಹಣೆಗೆ ಬಳಿದಳು. ಅಷ್ಟಕ್ಕೇ ಬಿಡಲಿಲ್ಲ. “ಕೊಯ್ದದ್ದು ಎಲ್ಲಿ ಐತಿ ತೋರ್ಸು, ಒಂಚೂರು ಹಚ್ತೀನಿ” ಎಂದಳು.

ಗಾಯಕ್ಕೆ ಭಂಡಾರ ಹಚ್ಚಲು ಬಂದ ಎಷ್ಟು ಅಜ್ಜಿಯರನ್ನು ನಾನು ವಾರ್ಡಿನಿಂದ ಹೊರಗೆ ಕಳಿಸಿದ್ದೇನೋ ಲೆಕ್ಕವಿಲ್ಲ. ಹಣೆಗೆ ಹಚ್ಚಿರಿ, ದೇವರು ಅಲ್ಲಿಂದಲೇ ನೋಡುತ್ತಾನೆ, ಗಾಯಕ್ಕೆ ಮಾತ್ರ ಬೇಡ ಎಂದು ಹೇಳಲು ನನ್ನ ಹತ್ತಿರ ಒಂದು ಸಿದ್ಧ ಭಾಷಣವೇ ಇದೆ. ಅವತ್ತು ಅದರ ಒಂದು ಪದವೂ ಬಾಯಿಗೆ ಬರಲಿಲ್ಲ. ಚಿಕ್ಕವ್ವ ನನ್ನನ್ನು ಎತ್ತಿ ಆಡಿಸಿದವಳು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ನಾನು ಸೆರಗು ಸರಿಸಿದೆ. ಹೊಕ್ಕುಳ ಹತ್ತಿರದ ಪಟ್ಟಿಯ ಮೇಲೆ, ಅದರ ಅಂಚಿನ ಮೇಲೆ ಅವಳು ಭಕ್ತಿಯಿಂದ ಭಂಡಾರ ತಿಕ್ಕಿದಳು.

ಬಳಗ ಹೋದ ಮೇಲೆ ನರ್ಸ್ ಬಂದು ಸೆರಗು ಸರಿಸಿದಳು. “ಇದೇನ್ರಿ ಹಳದಿ?”

“ಔಷಧದ ಕಲೆ ಇರಬೇಕು” ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ರೋಗಿಗಳು ಹೇಳಿದ ಸುಳ್ಳುಗಳಲ್ಲಿ ಇಷ್ಟು ಪೆದ್ದ ಸುಳ್ಳನ್ನು ನಾನು ಕೇಳಿಲ್ಲ.

ಅವಳು ಬಗ್ಗಿ ನೋಡಿದಳು. “ಔಷಧ ಅರಿಶಿಣದ ವಾಸನಿ ಬರಾಕತ್ತೈತಲ್ರಿ ಅಕ್ಕಾರೆ” ಎಂದಷ್ಟೇ ಹೇಳಿ, ಕೈ ತೊಳೆದು ಬಂದು ಪಟ್ಟಿ ಬದಲಿಸಿದಳು. ಹೆಬ್ಬೆರಳನ್ನೂ ತೊಳೆದಳು. ಈ ಸಲ ನಾನು ಎಣಿಸಬಾರದೆಂದುಕೊಂಡಿದ್ದೆ, ಎಣಿಸಿದೆ. ಹೋಗುವಾಗ, “ಎದ್ದೇಳಬೇಕಾದ್ರ ನನ್ನ ಕರೀರಿ” ಎಂದಳು. “ನನಗ ಗೊತ್ತಿಲ್ಲೇನು?” ಎಂದೆ.

ಅವಳು ಹೋಗಿ ಅರ್ಧ ತಾಸಾಗಿರಬೇಕು. ಅಕ್ಕ ಚಪ್ಪಲಿಯನ್ನು ಮಂಚದ ಕೆಳಗೇ ಮರೆತು ಚಹಾ ತರಲು ಕೆಳಗೆ ಹೋಗಿದ್ದಳು. ನನಗೆ ಬಚ್ಚಲಿಗೆ ಹೋಗಬೇಕಾಯಿತು. ಕರೆಗಂಟೆ ಮಂಚದ ತಲೆಯ ಹಿಂದೆ ಗೋಡೆಗೆ ಜೋತುಬಿದ್ದಿತ್ತು, ಮಲಗಿದಲ್ಲಿಂದ ಕೈಗೆ ಎಟುಕುತ್ತಿರಲಿಲ್ಲ. ಕೂಗಬಹುದಿತ್ತು. ಹೆಬ್ಬೆರಳಿಗಾಗಿ ಅಷ್ಟು ದೊಡ್ಡದಾಗಿ ಕೂಗಿದವಳಿಗೆ ಇದಕ್ಕೆ ಕೂಗಲು ನಾಚಿಕೆಯಾಯಿತು. ಐದು ಹೆಜ್ಜೆ, ಅದರಲ್ಲೇನಿದೆ ಎಂದುಕೊಂಡು ಅಕ್ಕನ ಚಪ್ಪಲಿ ಮೆಟ್ಟಿ ಎದ್ದೆ. ಅವು ನನ್ನ ಪಾದಕ್ಕೆ ದೊಡ್ಡವು. ಬಚ್ಚಲ ಬಾಗಿಲಲ್ಲಿ ನೀರು ನಿಂತಿತ್ತು. ಕಣ್ಣಿಗೆ ಕತ್ತಲೆ ಕಟ್ಟಿದ್ದಷ್ಟೇ ನೆನಪು, ಆಮೇಲೆ ನೋಡಿದರೆ ನೆಲದ ಮೇಲೆ ಕುಳಿತಿದ್ದೆ. ಹಣೆ ಬಾಗಿಲ ಚೌಕಟ್ಟಿಗೆ ಬಡಿದು ಉಬ್ಬಿತ್ತು.

ಪಕ್ಕದ ಮಂಚದ, ನನ್ನದೇ ಹೆಸರಿನ ಹೆಂಗಸು ಕೂಗಿಕೊಂಡಳು. ನರ್ಸ್ ಓಡಿ ಬಂದಳು. ನಾನು ಏಳಲು ಹೋದೆ. ಅವಳು ಭುಜದ ಮೇಲೆ ಕೈಯಿಟ್ಟು ತಡೆದಳು. “ಹಂಗ ಕುಂದರ್ರಿ. ಎಲ್ಲೆಲ್ಲಿ ನೋವಾಗೈತಿ ಮೊದಲು ಹೇಳ್ರಿ.” ತಲೆ ಮುಟ್ಟಿ ನೋಡಿದಳು, ಕೈ ಕಾಲು ಆಡಿಸಲು ಹೇಳಿದಳು, ನಾಡಿ ಹಿಡಿದಳು, ಹೊಟ್ಟೆಯ ಪಟ್ಟಿ ನೋಡಿದಳು. ಆಮೇಲೆ ಇನ್ನೊಬ್ಬಳನ್ನು ಕರೆದು ಇಬ್ಬರೂ ಸೇರಿ ನನ್ನನ್ನು ಮಂಚಕ್ಕೆ ತಂದರು. ಡಾಕ್ಟರ್ ಬಂದು ನೋಡಿ, ಗಾಬರಿಯಾಗುವಂಥದ್ದೇನೂ ಇಲ್ಲ, ಆದರೆ ಕಣ್ಣಿಟ್ಟಿರಿ ಎಂದು ಹೇಳಿ ಹೋದರು. ಇಷ್ಟಾದರೂ ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವಳು ಒಂದು ಹಾಳೆ ಹಿಡಿದು ಬಂದು ಸ್ಟೂಲಿನ ಮೇಲೆ ಕುಳಿತಳು. ಆ ಹಾಳೆ ಏನೆಂದು ನನಗೆ ಗೊತ್ತು. ವಾರ್ಡಿನಲ್ಲಿ ಏನಾದರೂ ತಪ್ಪಾದರೆ, ಯಾರಾದರೂ ಬಿದ್ದರೆ, ಏನಾಯಿತು, ಹೇಗಾಯಿತು ಎಂದು ಬರೆದು ಮೇಲಿನವರಿಗೆ ಕೊಡುವ ವರದಿ.

“ಬ್ಯಾಡ ತಂಗಿ, ಬರೀಬ್ಯಾಡ” ಎಂದೆ. “ನನಗ ಏನೂ ಆಗಿಲ್ಲ. ನೀನು ಹೊಸಾಕಿ, ಸುಮ್ಮನ ನಿನ್ನ ಮ್ಯಾಲೆ ಬರ್ತೈತಿ.”

“ಬಂದ್ರ ಬರ್ಲಿರಿ. ಬರೀದಿದ್ರ ಆ ಬಾಗಲದಾಗ ನೀರು ಹಂಗ ನಿಲ್ತೈತಿ, ಗಂಟಿ ಹಂಗ ಹಿಂದ ಇರ್ತೈತಿ. ನಾಳೆ ಮತ್ತ್ಯಾರೋ ಬೀಳ್ತಾರ.”

ಅವಳು ಬರೆಯತೊಡಗಿದಳು. ಬರೆಯುತ್ತಾ ಗಟ್ಟಿಯಾಗಿ ಓದಿದಳು: ರೋಗಿ ಸ್ವತಃ ನರ್ಸ್ ಆಗಿದ್ದು—

“ಅದೊಂದು ಬಿಡವ್ವ, ನಿನ್ನ ಕಾಲು ಹಿಡಕೋತೀನಿ.”

“ಅದ ಮುಖ್ಯ ಐತ್ರಿ. ನೀವು ನರ್ಸ್ ಅಂತ ತಿಳಿದು ನಾನು ನಿಮಗ ಎಲ್ಲಾ ಬಿಡಿಸಿ ಹೇಳ್ಲಿಲ್ಲ. ಬ್ಯಾರೇಯವರಿಗೆ ಹೇಳ್ತೀನಿ, ಮೊದಲು ಕುಂದರ್ರಿ, ತಲಿ ತಿರಗ್ತೈತೇನು ನೋಡ್ಕೋರಿ, ಆಮ್ಯಾಲೆ ಏಳ್ರಿ ಅಂತ. ನಿಮಗ ಹೇಳಾಕ ನನಗ ನಾಚಿಕಿ ಆತು. ಅದು ನನ್ನ ತಪ್ಪು.”

ಆಗ ನನಗೆ ಅಳು ಬಂತು. ಹಣೆಯ ನೋವಿಗೆ ಅಲ್ಲ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಊರಲ್ಲಿದ್ದಾಗ, ನನ್ನ ಪಾಳಿಯಲ್ಲಿ ಒಬ್ಬ ಮುದುಕಿ ಮಂಚದಿಂದ ಬಿದ್ದಿದ್ದಳು. ಮಧ್ಯಾಹ್ನದ ಗಡಿಬಿಡಿಯಲ್ಲಿ ಮಂಚದ ಪಕ್ಕದ ಕಂಬಿ ಏರಿಸುವುದನ್ನು ನಾನು ಮರೆತಿದ್ದೆ. ಎತ್ತಿ ಮಲಗಿಸಿದೆ, ಸುತ್ತ ಯಾರೂ ನೋಡಿರಲಿಲ್ಲ, ವಾರ್ಡಿನ ಪುಸ್ತಕದಲ್ಲಿ “ರೋಗಿ ಆರಾಮವಾಗಿದ್ದಾರೆ” ಎಂದು ಬರೆದೆ. ಸೊಂಟ ನೋವು ಎಂದು ಮುದುಕಿ ನರಳುತ್ತಿದ್ದಳು, ಎಲ್ಲರೂ ವಯಸ್ಸಿನ ನೋವು ಎಂದುಕೊಂಡರು. ಮೂರನೇ ದಿನ ಎಕ್ಸ್‌ರೇ ತೆಗೆದಾಗ ಮೂಳೆ ಬಿರುಕು ಬಿಟ್ಟಿತ್ತು. ಆಕೆಗೆ ಎಲ್ಲವೂ ಗೊತ್ತಿತ್ತು. ನನ್ನ ಮುಖ ನೋಡಿ, “ಹೋಗ್ಲಿ ಬಿಡವ್ವ, ನಾನ ಅವಸರ ಮಾಡಿದ್ನಿ” ಎಂದಿದ್ದಳು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಯಜಮಾನರಿಗೂ ಹೇಳದ ಇದನ್ನು ಆ ಹುಡುಗಿಗೆ ಹೇಳಿದೆ. ಅವಳು ಪೆನ್ನು ಹಿಡಿದುಕೊಂಡೇ ಕೇಳಿದಳು. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

“ಬರದು ಕೊಟ್ಟಿದ್ರ ಎಕ್ಸ್‌ರೇ ಅವತ್ತ ಆಗ್ತಿತ್ತಲ್ರಿ” ಎಂದಳು.

“ಆಗ್ತಿತ್ತು.”

“ಮೂರು ದಿನ ಆಕಿ ಹಂಗ ಇದ್ಲು.”

“ಇದ್ಲು.”

ಅವಳು ಮತ್ತೆ ಹಾಳೆ ನೋಡಿದಳು. “ಚಪ್ಪಲಿ ಯಾರ್ದು ಅಂತ ಬರೀಲ್ರಿ?” ಆಗಷ್ಟೇ ಚಹಾ ಹಿಡಿದು ಬಾಗಿಲಿಗೆ ಬಂದ ಅಕ್ಕ, “ನನ್ನವ! ಎಲ್ಲಿ ಬಿಟ್ಟೆ ಅಂತ ಹುಡುಕ್ಕೋತ ಕೆಳಗ ಬರಿಗಾಲಾಗ ಅಡ್ಯಾಡಿ ಬಂದೀನಿ” ಎಂದಳು. ಹೊಟ್ಟೆಯ ನಾಲ್ಕೂ ತೂತು ನೋಯುವಂತೆ ನಕ್ಕೆ.

ಮನೆಗೆ ಹೊರಡುವ ಮುಂಚೆ ಕರೆಗಂಟೆಯ ತಂತಿಯನ್ನು ಮಂಚದ ಕಂಬಿಗೆ ತಂದು ಕಟ್ಟಿದ್ದರು. ಬಚ್ಚಲ ಬಾಗಿಲ ಪಕ್ಕ ಹಿಡಿದುಕೊಳ್ಳಲು ಕೊಳವೆ ಕೂರಿಸಲು ಒಬ್ಬ ಗೋಡೆ ಕೊರೆಯುತ್ತಿದ್ದ. ಆ ಹುಡುಗಿಗೆ ಮೇಲಿನವರು ಏನೂ ಅನ್ನಲಿಲ್ಲ ಎಂದು ಅಕ್ಕ ವಿಚಾರಿಸಿಕೊಂಡು ಬಂದು ಹೇಳಿದಳು.

ರಜೆ ಮುಗಿಸಿ ನಾರಾಯಣಪೇಟೆಯ ವಾರ್ಡಿಗೆ ಮರಳಿದ ದಿನ ನರ್ಸುಗಳನ್ನೂ ಆಯಾಗಳನ್ನೂ ಕೂರಿಸಿಕೊಂಡೆ. ಮತ್ತೆ ಕೈ ತೊಳೆಯುವ ಪಾಠ ಎಂದುಕೊಂಡು ಅವರು ಮುಖ ಜೋಲು ಹಾಕಿಕೊಂಡು ಕುಳಿತರು. ನಾನು ಭಂಡಾರದ ಸುಳ್ಳಿನಿಂದ ಹಿಡಿದು ಬಿದ್ದದ್ದರವರೆಗೆ ಹೇಳಿದೆ. ಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಆಮೇಲೆ ಒತ್ತಿಕೊಳ್ಳುವುದನ್ನೂ ಬಿಟ್ಟು ನಕ್ಕರು. ಮುದುಕಿಯ ವಿಷಯ ಹೇಳಿದಾಗ ಯಾರೂ ನಗಲಿಲ್ಲ. “ಇಷ್ಟು ದಿನ ಏನಾರ ತಪ್ಪಾದ್ರ ನೀವು ಬರೆದು ಕೊಟ್ಟಿಲ್ಲ. ನನಗ ಅಂಜಿ ಕೊಟ್ಟಿಲ್ಲ ಅಂತ ಈಗ ತಿಳೀತು” ಎಂದೆ. ಯಾರೂ ಅಲ್ಲವೆನ್ನಲಿಲ್ಲ. ಒಬ್ಬರಾದರೂ ಅಲ್ಲ ಅನ್ನುತ್ತಾರೆಂದು ನಾನು ಕಾಯ್ದದ್ದು ಮಾತ್ರ ನಿಜ.

ಹತ್ತು ದಿನಕ್ಕೆ ಅಂಥ ಮೊದಲ ವರದಿಯ ಹಾಳೆ ನನ್ನ ಮೇಜಿಗೆ ಬಂತು. ಒಬ್ಬ ನರ್ಸ್ ಒಂದು ಮಂಚದ ರೋಗಿಗೆ ಹಾಕಬೇಕಾದ ಬಾಟಲಿಯನ್ನು ಇನ್ನೊಂದು ಮಂಚಕ್ಕೆ ನೇತುಹಾಕಿ, ಹರಿಯಬಿಡುವ ಮುಂಚೆ ಹೆಸರು ಕೇಳಿ, ತಪ್ಪು ಕಂಡು ತೆಗೆದಿದ್ದಳು. ಓದುತ್ತಿದ್ದಂತೆ ನನ್ನ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು, ಬೈಗುಳ ನಾಲಗೆಯ ತುದಿಗೆ ಬಂದು ನಿಂತಿತು. ಅವಳು ಎದುರಿಗೆ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

“ಆ ಎರಡೂ ಬಾಟ್ಲಿ ಎಲ್ಲಿ ಇಟ್ಟಿದ್ವು?” ಎಂದು ಕೇಳಿದೆ.

“ಒಂದ ಖಾನಿಯಾಗ್ರಿ. ಎರಡರ ಮುಚ್ಚಳನೂ ನೀಲಿ ಅದಾವ್ರಿ.”

ಖಾನೆ ಹಾಗೆ ಜೋಡಿಸಿಟ್ಟವಳು ನಾನೇ. ಅದನ್ನೂ ಹಾಳೆಯ ಕೆಳಗೆ ಬರೆದು, ಅವಳನ್ನು ಕರೆದುಕೊಂಡು ಔಷಧದ ಕೋಣೆಗೆ ಹೋದೆ. ಇಬ್ಬರೂ ಸೇರಿ ಒಂದು ಬಗೆಯ ಬಾಟಲಿಗಳನ್ನೆಲ್ಲ ಎದುರು ಗೋಡೆಯ ಖಾನೆಗೆ ಸಾಗಿಸಿದೆವು.